ಹತ್ತಿಯಿಂದ ಹುಟ್ಟಿದ ಕನ್ನಡಕ

[ದೃಶ್ಯ: ಮೇಜಿನ ಮೇಲೆ ಹಳೆಯ ಪತ್ರಿಕೆ. ಅದರ ಮೇಲೊಂದು ಕಂದು ಬಣ್ಣದ ತಂಪು ಕನ್ನಡಕ. ಬೂದಿ ಬಳಿದಂತೆ ಬಿಳಿಚಿಕೊಂಡಿದೆ.]

ನಮಸ್ಕಾರ. ಇದು ನನ್ನ ಕಾಕಾ ಅವರ ತಂಪು ಕನ್ನಡಕ. 1984ರಲ್ಲಿ ತೊಗರಿ ಲಾರಿಯ ಜೊತೆ ಹೈದರಾಬಾದಿಗೆ ಹೋದಾಗ ಕೊಂಡದ್ದು. ಹದಿನೈದು ವರ್ಷ ಹಾಕಿಕೊಂಡರು. ಆಮೇಲೆ ಅದು ಟ್ರಂಕಿನಲ್ಲಿ ಮದುವೆಯ ಶಲ್ಯದ ಕೆಳಗೆ ಸೇರಿಹೋಯಿತು. ಕಳೆದ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಸಿಕ್ಕಿತು. "ಇದು ಹೋಯಿತು ಬಿಡು ತಮ್ಮಾ" ಎಂದರು. ಹೋಗಿಲ್ಲ. ಯಾಕೆ ಹೋಗಿಲ್ಲ ಎಂಬುದನ್ನೇ ಇವತ್ತು ತೋರಿಸುತ್ತೇನೆ.

[ದೃಶ್ಯ: ಎಂ.ಎಸ್.ಕೆ. ಮಿಲ್ ಪ್ರದೇಶದ ರಸ್ತೆ. ನಂತರ ಶಹಾಪುರದ ಕಡೆಯ ಎರೆ ಹೊಲದಲ್ಲಿ ಒಡೆದ ಹತ್ತಿಕಾಯಿ.]

ಕಲಬುರಗಿಯವರಿಗೆ ಎಂ.ಎಸ್.ಕೆ. ಮಿಲ್ ಎಂದರೆ ಬಟ್ಟೆ ಗಿರಣಿ ನೆನಪಾಗುತ್ತದೆ. ಗಿರಣಿ ನಿಂತು ಬಹಳ ವರ್ಷವಾಯಿತು, ಹೆಸರು ಬಡಾವಣೆಗೆ ಉಳಿದಿದೆ. ಆ ಹತ್ತಿಗೂ ಈ ಕನ್ನಡಕಕ್ಕೂ ನಂಟಿದೆ. ಒಳ್ಳೆಯ ಹಳೆಯ ಫ್ರೇಮುಗಳು ಸೆಲ್ಯುಲೋಸ್ ಅಸಿಟೇಟ್ ಎಂಬ ವಸ್ತುವಿನವು. ಹತ್ತಿಬೀಜಕ್ಕೆ ಅಂಟಿಕೊಂಡಿರುವ ಗಿಡ್ಡ ಎಳೆಗಳಿಂದ, ಇಲ್ಲವೇ ಮರದ ತಿರುಳಿನಿಂದ ಅದನ್ನು ತಯಾರಿಸುತ್ತಾರೆ. ಅದು ಬಾಗಲಿ ಎಂದು ಮೆದುಕಾರಕ ದ್ರವವನ್ನೂ ಬೆರೆಸುತ್ತಾರೆ. ವರ್ಷಗಳು ಕಳೆದಂತೆ ಆ ದ್ರವ ಮೇಲ್ಮೈಗೆ ಬಂದು ಆರುತ್ತದೆ. ಬೆವರು, ಬಿಸಿಲು ಸೇರಿ ಈ ಬಿಳಿ ಪೊರೆ ಕಟ್ಟುತ್ತದೆ. ಕೊಳೆತಿರುವುದು ಕೂದಲೆಳೆಯಷ್ಟು ಮೇಲ್ಪದರ ಮಾತ್ರ. ಒಳಗಿನ ಬಣ್ಣ ಹಾಗೆಯೇ ಇದೆ.

ಕೈ ಹಾಕುವ ಮೊದಲು ಮೂಗಿನಿಂದ ಒಂದು ಪರೀಕ್ಷೆ ಮಾಡಿ. ಫ್ರೇಮನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದು ಇನ್ನೂ ಹಳೆಯ ಸೆಲ್ಯುಲಾಯ್ಡ್. ಬೆಂಕಿ ಸೋಕಿದರೆ ಭಗ್ಗನೆ ಉರಿಯುತ್ತದೆ, ಅದಕ್ಕೆ ಬಿಸಿ ತೋರಿಸಲೇಬೇಡಿ. ವಿನೆಗರ್‌ನ ಹುಳಿ ವಾಸನೆ ಬಂದರೆ ಅಸಿಟೇಟ್ ಒಳಗಿನಿಂದಲೇ ಒಡೆಯುತ್ತಿದೆ ಎಂದು ಅರ್ಥ. ಅಂಥದ್ದನ್ನು ಉಳಿಸುವುದು ಕಷ್ಟ. ಬೇರೆ ಕನ್ನಡಕಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ.

[ದೃಶ್ಯ: ಹೇರ್ ಡ್ರೈಯರ್‌ನ ಬಿಸಿಗಾಳಿಯಲ್ಲಿ ಫ್ರೇಮು. ಗಾಜು ಹೊರಬರುತ್ತದೆ.]

ಮೊದಲು ಗಾಜು ತೆಗೆಯಬೇಕು. ಹೇರ್ ಡ್ರೈಯರ್ ಅನ್ನು ದೂರ ಹಿಡಿದು, ಆಡಿಸುತ್ತಾ ಫ್ರೇಮನ್ನು ಬೆಚ್ಚಗೆ ಮಾಡಿ. ಕೈಗೆ ಸ್ವಲ್ಪ ಮೆತ್ತಗಾಯಿತು ಅನ್ನಿಸಿದಾಗ ಹಿಂದಿನಿಂದ ಮುಂದಕ್ಕೆ ಒತ್ತಿದರೆ ಗಾಜು ಬರುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟ ಕನ್ನಡಕ ಸೊಟ್ಟಗಾಗುವುದು ಕೂಡ ಇದೇ ಕಾರಣಕ್ಕೆ. ಹೊರಗೆ 42 ಡಿಗ್ರಿ ಇದ್ದರೆ ಮುಚ್ಚಿದ ಕಾರಿನ ಮುಂಗಾಜಿನ ಕೆಳಗೆ ಅದಕ್ಕಿಂತ ಬಹಳ ಹೆಚ್ಚು ಇರುತ್ತದೆ.

ಇನ್ನು ತಿಕ್ಕುವ ಕೆಲಸ. ಬಣ್ಣದ ಅಂಗಡಿಯಲ್ಲಿ ವಾಟರ್ ಪೇಪರ್, ಅಂದರೆ ನೀರು ಹಾಕಿ ತಿಕ್ಕುವ ಮರಳು ಕಾಗದ, ಎಂದು ಕೇಳಿ. 600, 1000, 1500, 2000 ನಂಬರಿನವು ಒಂದೊಂದು ಹಾಳೆ ಸಾಕು. ನೀರಿನಲ್ಲಿ ಅದ್ದಿ 600ರಿಂದ ಶುರು ಮಾಡಿ. ಹಾಲಿನಂಥ ಬಿಳಿ ನೀರು ಇಳಿಯುತ್ತದೆ, ಅದೇ ಸತ್ತ ಪದರ. ನಂಬರು ಬದಲಿಸಿದಾಗಲೆಲ್ಲ ತಿಕ್ಕುವ ದಿಕ್ಕನ್ನೂ ಬದಲಿಸಿ. ಹಿಂದಿನ ಗೀರುಗಳು ಅಡ್ಡಲಾಗಿ ಕಾಣುತ್ತವೆ, ಅವು ಪೂರ್ತಿ ಹೋಗುವವರೆಗೆ ಮುಂದಿನ ಹಾಳೆ ಹಿಡಿಯಬೇಡಿ. ಅವಸರ ಮಾಡಿದರೆ ಹೊಳಪು ಬಂದ ಮೇಲೆ ಆ ಗೀರುಗಳೇ ಎದ್ದು ಕಾಣುತ್ತವೆ. ಕಡ್ಡಿಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳಿದ್ದರೆ ಅಲ್ಲಿ ಪೇಪರ್ ಹಾಕಬೇಡಿ, ಎರಡು ಎಳೆತಕ್ಕೆ ಅಳಿಸಿಹೋಗುತ್ತವೆ. ಕೊನೆಗೆ ವಾಹನಗಳಿಗೆ ಹಚ್ಚುವ ರಬ್ಬಿಂಗ್ ಕಾಂಪೌಂಡನ್ನು ಹಳೆಯ ಹತ್ತಿ ಬನಿಯನ್ನಿಗೆ ಹಚ್ಚಿ ಉಜ್ಜಿ. ಕಾಕಾ ಅವರ ಫ್ರೇಮಿಗೆ ನನಗೆ ಎರಡು ಸಂಜೆ ಹಿಡಿಯಿತು. ಎರಡನೆಯ ಸಂಜೆ ಬೂದಿಯ ಅಡಿಯಿಂದ ಬೆಲ್ಲದ ಪಾಕದಂಥ ಕಂದು, ಅದರೊಳಗೆ ಜೇನಿನ ಮಚ್ಚೆಗಳು ಮೇಲೆದ್ದಾಗ ನಾನು ಅಡುಗೆಮನೆಯಲ್ಲಿದ್ದ ಅವ್ವನನ್ನು ಕೂಗಿ ಕರೆದೆ.

[ದೃಶ್ಯ: ಇನ್ನೊಂದು ಫ್ರೇಮಿನ ಕಡ್ಡಿ, ತೀರಾ ಹತ್ತಿರದಿಂದ. ಮೇಲ್ಮೈಯಲ್ಲಿ ಹೆಬ್ಬೆರಳ ಗುರುತು.]

ಇದನ್ನು ಗಮನವಿಟ್ಟು ನೋಡಿ. ನನ್ನ ಮೊದಲ ಫ್ರೇಮು. ಅಂಟಿದ ಚೀಟಿ ತೆಗೆಯಲು ಉಗುರುಬಣ್ಣ ಅಳಿಸುವ ದ್ರವ ಹಚ್ಚಿದೆ. ಅದರಲ್ಲಿ ಅಸಿಟೋನ್ ಇತ್ತು. ಅಸಿಟೇಟನ್ನು ಅಸಿಟೋನ್ ಕರಗಿಸುತ್ತದೆ. ಹಿಡಿದುಕೊಂಡಿದ್ದ ಹೆಬ್ಬೆರಳಿನ ಗೆರೆಗಳೆಲ್ಲ ಅಲ್ಲೇ ಅಚ್ಚಾದವು. ಆದರೆ ಇದೇ ಗುಣ ಉಪಕಾರಕ್ಕೂ ಬರುತ್ತದೆ. ಮೂಗಿನ ಸೇತುವೆ ಬಿರುಕು ಬಿಟ್ಟಿದ್ದರೆ ಸಣ್ಣ ಕುಂಚದಿಂದ ಬಿರುಕಿನೊಳಗೆ ಒಂದೇ ಹನಿ ಅಸಿಟೋನ್ ಬಿಟ್ಟು, ಒತ್ತಿ ಕಟ್ಟಿ, ಒಂದು ದಿನ ಮುಟ್ಟದೆ ಇಡಿ. ಎರಡೂ ಅಂಚು ಕರಗಿ ಒಂದಾಗುತ್ತವೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಫೆವಿಕ್ವಿಕ್‌ನಂಥ ಅಂಟು ಬಳಸಿದರೆ ಬಿಳಿ ಕಲೆ ಉಳಿಯುತ್ತದೆ, ಬಾಗಿಸಿದಾಗ ಮತ್ತೆ ಬಿಡುತ್ತದೆ.

ಲೋಹದ ಫ್ರೇಮಿನ ಮಾತು ಚಿಕ್ಕದು. ಮೂಗಿನ ದಿಂಬಿನ ಬಳಿ ಕಟ್ಟುವ ಹಸಿರು, ಬೆವರು ತಾಗಿ ತಾಮ್ರ ಕಿಲುಬು ಹಿಡಿದದ್ದು. ಸೋಪು ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಹೊಸ ದಿಂಬು, ಅಷ್ಟೇ. ಜಾಮ್ ಆದ ಸ್ಕ್ರೂವಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಮನೆಯಲ್ಲಿ ಹಳೆಯ ರೇಬ್ಯಾನ್ ಇದ್ದರೆ ಗಾಜಿನ ಅಂಚಿನಲ್ಲಿ ಕೆತ್ತಿದ ಬಿ ಮತ್ತು ಎಲ್ ಎಂಬ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಹುಡುಕಿ. 1999ರಲ್ಲಿ ಲಕ್ಸಾಟಿಕಾ ಕೊಳ್ಳುವ ಮೊದಲು ಆ ಕನ್ನಡಕ ಬಾಷ್ ಅಂಡ್ ಲಾಂಬ್ ಕಂಪನಿಯದಾಗಿತ್ತು. ಸಿಕ್ಕರೆ ಆ ಗಾಜನ್ನು ಜೋಪಾನ ಮಾಡಿ.

[ದೃಶ್ಯ: ಕತ್ತಲೆಯಲ್ಲಿ 500 ರೂಪಾಯಿ ನೋಟು, ನೇರಳಾತೀತ ಟಾರ್ಚು, ನಡುವೆ ಗಾಜು.]

ಉಳಿದ ಹಳೆಯ ಗಾಜುಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬರೀ ಕಪ್ಪು ಬಣ್ಣ ಕಣ್ಣನ್ನು ಕಾಯುವುದಿಲ್ಲ. ಕತ್ತಲಾದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ. ಗಾಜು ನೇರಳಾತೀತ ಕಿರಣವನ್ನು ತಡೆಯದಿದ್ದರೆ ಅದು ಇನ್ನಷ್ಟು ಒಳಗೆ ಹೋಗುತ್ತದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಮಕ್ಕಳಿಗೆ ಆಟಕ್ಕೆ ಕೊಡಿಸುವ ಕನ್ನಡಕಕ್ಕೂ ಈ ಮಾತು ಅನ್ವಯಿಸುತ್ತದೆ. ಮನೆಯಲ್ಲಿ ಹೀಗೆ ನೋಡಬಹುದು: ಟಾರ್ಚಿನ ಬೆಳಕಿಗೆ ನೋಟಿನ ಸಂಖ್ಯೆ ಮತ್ತು ಎಳೆಗಳು ಮಿನುಗುತ್ತವೆ. ಗಾಜನ್ನು ಅಡ್ಡ ಹಿಡಿದ ಮೇಲೂ ಚೆನ್ನಾಗಿ ಮಿನುಗಿದರೆ ಆ ಗಾಜು ಬೇಡ. ಮಿನುಗದಿದ್ದರೂ ಕನ್ನಡಕದ ಅಂಗಡಿಯ ಯಂತ್ರದಲ್ಲಿ ಒಮ್ಮೆ ಅಳೆಸಿ. ಹಳೆಯ ಗಾಜನ್ನೇ ಅಳತೆಗೆ ಕೊಟ್ಟರೆ ಅದೇ ಆಕಾರಕ್ಕೆ ನೇರಳಾತೀತ ಕಿರಣ ತಡೆಯುವ ಯುವಿ 400 ಗಾಜು ಕತ್ತರಿಸಿ ಕೊಡುತ್ತಾರೆ. ನಂಬರು ಬೇಕಿದ್ದರೆ ಅದನ್ನೂ ಹಾಕಿಸಬಹುದು. ಕಾಕಾ ಅವರದಕ್ಕೆ ಮೇಲೆ ದಟ್ಟ, ಕೆಳಗೆ ತಿಳಿಯಾದ ಕಂದು ಹಾಕಿಸಿದೆ. ಬಿಸಿ ಬಣ್ಣದ ನೀರಿನಲ್ಲಿ ಪ್ಲಾಸ್ಟಿಕ್ ಗಾಜನ್ನು ಮೆಲ್ಲಗೆ ಇಳಿಸಿ ಎತ್ತಿ ಆ ಇಳಿಜಾರು ತರುತ್ತಾರೆ.

[ದೃಶ್ಯ: ಕಪ್ಪು ಕಡ್ಡಿಯ ಮೇಲೆ ಬೆಳ್ಳಿಯ ಬಳ್ಳಿ.]

ಇದು ನನ್ನದೇ ಕನ್ನಡಕ, ಬೀದರಿನ ಬಿದ್ರಿ ನೋಡಿ ಹುಟ್ಟಿದ ಆಸೆ. ಬಿದ್ರಿಯವರು ಸತುವು, ತಾಮ್ರದ ಮಿಶ್ರಲೋಹದಲ್ಲಿ ಗೆರೆ ಕೊರೆದು ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ತರುತ್ತಾರೆ. ಆ ಮಣ್ಣಿನ ಕೆಲಸ ಲೋಹದ ಮೇಲಷ್ಟೇ ನಡೆಯುತ್ತದೆ. ಆದ್ದರಿಂದ ನಾನು ಕಪ್ಪು ಅಸಿಟೇಟನ್ನೇ ಆರಿಸಿಕೊಂಡೆ. ಸರಾಫ್ ಬಜಾರಿನಿಂದ ತಂದ ತೆಳು ಬೆಳ್ಳಿ ತಂತಿ. ಕಡ್ಡಿಯ ನಡುವೆ ಉದ್ದಕ್ಕೂ ಲೋಹದ ಸರಳು ಇರುತ್ತದೆ, ಆದ್ದರಿಂದ ಅರ್ಧ ಮಿಲಿಮೀಟರಿಗಿಂತ ಆಳ ಕೊರೆಯಲಿಲ್ಲ. ಗೆರೆಯ ಬುಡವನ್ನು ಬಾಯಿಗಿಂತ ತುಸು ಅಗಲ ಮಾಡಿ, ಕಡ್ಡಿಯನ್ನು ಬೆಚ್ಚಗೆ ಮಾಡಿ, ಮರದ ಸುತ್ತಿಗೆಯಿಂದ ತಂತಿಯನ್ನು ಕೂರಿಸಿದೆ. ಮೂರು ಎಲೆಗೆ ಒಂದು ಭಾನುವಾರ ಪೂರ್ತಿ ಹೋಯಿತು.

[ದೃಶ್ಯ: ಅಂಗಳದ ಬಿಸಿಲು. ಕಾಕಾ ಕನ್ನಡಕ ಹಾಕಿಕೊಳ್ಳುತ್ತಾರೆ.]

ಕಾಕಾ ಕನ್ನಡಿ ಕೇಳಲಿಲ್ಲ. ಕಡ್ಡಿಗಳನ್ನು ಮಡಚಿ, ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದರು. "ಎಡಗಡೆಯದು ಇನ್ನೂ ಸಡಿಲ ಇದೆ ನೋಡು ತಮ್ಮಾ" ಎಂದರು. ಬಿಗಿ ಮಾಡಿಕೊಟ್ಟೆ. ಹಾಕಿಕೊಂಡವರು ಚಪ್ಪಲಿ ಮೆಟ್ಟಿ, ಸೂಪರ್ ಮಾರ್ಕೆಟ್ ಕಡೆ ಹೋಗಿ ಬರುತ್ತೇನೆ ಎಂದು ನಡು ಮಧ್ಯಾಹ್ನವೇ ಹೊರಟರು.