ಐದು ಪಾರ್ಕೋ, ಎರಡು ಪಾರ್ಕೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ವಾರ ನಮ್ಮ ಅಕ್ಕನ ಮಗ ಒಂದು ಹಾಳೆ ಹಿಡಿದುಕೊಂಡು ಮನೆಗೆ ಬಂದ. ಕೆನ್ಯಾ ಪ್ರವಾಸ, ಏಳು ದಿನ, ಕಾಡುಪ್ರಾಣಿ ನೋಡುವ ಐದು ಪಾರ್ಕು. "ಮಾಮ, ಒಂದೇ ಖರ್ಚಿನಲ್ಲಿ ಐದೂ ನೋಡ್ಬಹುದು, ಚೆನ್ನಾಗಿದೆ ಅಲ್ವಾ?" ಅಂದ. ನನಗೆ ನಗು ಬಂತು. ಹೆಚ್ಚುಕಡಿಮೆ ಇದೇ ಪಟ್ಟಿ ಹಿಡಿದು ನಾನೂ ನನ್ನ ಹೆಂಡತಿಯೂ ಒಂದು ಆಗಸ್ಟ್ ತಿಂಗಳಲ್ಲಿ ಹೋಗಿದ್ದೆವು. ನೈರೋಬಿ ನ್ಯಾಷನಲ್ ಪಾರ್ಕ್, ಅಂಬೊಸೆಲಿ, ನಕೂರು, ಹೆಲ್ಸ್ ಗೇಟ್, ಕೊನೆಗೆ ಮಸಾಯಿ ಮಾರಾ. ಆ ಪ್ರವಾಸದಲ್ಲಿ ನಾವು ಅತಿ ಹೆಚ್ಚು ನೋಡಿದ್ದು ಏನು ಗೊತ್ತಾ? ನಮ್ಮ ಮುಂದೆ ಹೋಗುತ್ತಿದ್ದ ಲಾರಿಯ ಹಿಂಭಾಗ.

ನಕ್ಷೆಯಲ್ಲಿ ಈ ಜಾಗಗಳೆಲ್ಲ ಪಕ್ಕಪಕ್ಕದಲ್ಲಿ ಇರುವ ಹಾಗೆ ಕಾಣುತ್ತವೆ. ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ ಬೇಕು. ಅಂಬೊಸೆಲಿಯಿಂದ ನಕೂರಿಗೆ ಹೋಗುವಷ್ಟರಲ್ಲಿ ಒಂದು ಇಡೀ ದಿನ ಮುಗಿದುಹೋಗುತ್ತದೆ. ನಾವು ಬಂಡೀಪುರ, ನಾಗರಹೊಳೆ ನೋಡಿ ಬೆಳೆದವರು. ಬಸ್ಸು ಹತ್ತು, ಎರಡು ಗಂಟೆ ಸುತ್ತು, ಇಳಿ, ಕಾಫಿ ಕುಡಿ. ಆ ಅಳತೆ ಅಲ್ಲಿ ನಡೆಯುವುದಿಲ್ಲ. ಟಾಂಜಾನಿಯಾದ ಸೆರೆಂಗೆಟಿ ಒಂದರ ವಿಸ್ತೀರ್ಣವೇ 14,763 ಚದರ ಕಿಲೋಮೀಟರ್. ನಮ್ಮ ಬಂಡೀಪುರದಂಥ ಹದಿನಾರು ಹದಿನೇಳು ಕಾಡು ಅದರಲ್ಲಿ ಹಿಡಿಸುತ್ತವೆ.

ಅಂಬೊಸೆಲಿಯಲ್ಲಿ ನಮಗೆ ಸಿಕ್ಕಿದ್ದು ಒಂದೇ ರಾತ್ರಿ. ಅಲ್ಲಿಗೆ ಜನ ಹೋಗುವುದು ಆನೆ ನೋಡೋದಕ್ಕೆ, ಆನೆಯ ಹಿಂದೆ ಕಿಲಿಮಂಜಾರೋ ನೋಡೋದಕ್ಕೆ. 5,895 ಮೀಟರ್ ಎತ್ತರದ ಬೆಟ್ಟ. ಅದು ಇರುವುದು ಟಾಂಜಾನಿಯಾದಲ್ಲಿ, ಚೆಂದವಾಗಿ ಕಾಣುವುದು ಕೆನ್ಯಾದಿಂದ! ಆದರೆ ಹೊತ್ತೇರಿದ ಹಾಗೆ ಮೋಡ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಬೆಳಗಿನ ಜಾವ, ಇಲ್ಲವೇ ಸಂಜೆ ಬೆಟ್ಟ ಕಾಣಿಸಿಕೊಳ್ಳುತ್ತದೆ. ನಾವು ಮಧ್ಯಾಹ್ನ ತಲುಪಿದೆವು. ಬರೀ ಮೋಡ. ಸಂಜೆಯೂ ಮೋಡ. ಮಾರನೇ ದಿನ ಬೆಳಿಗ್ಗೆ ಸಾಮಾನು ಕಟ್ಟಿ ಹೊರಟಿದ್ದೇವೆ, ಹೆಂಡತಿ ಹಿಂದೆ ತಿರುಗಿ "ರೀ!" ಅಂದಳು. ಹಿಂದಿನ ಕಿಟಕಿಯ ತುಂಬ ಬೆಟ್ಟ, ಮೇಲೆ ಹಿಮದ ಬಿಳಿ ಅಂಚು. ಹತ್ತು ನಿಮಿಷ ಕುತ್ತಿಗೆ ತಿರುಗಿಸಿಕೊಂಡು ನೋಡಿದೆವು. ಇನ್ನೊಂದು ರಾತ್ರಿ ಇದ್ದಿದ್ದರೆ ಆ ಬೆಟ್ಟದ ಮುಂದೆ ಕೂತು ಚಹಾ ಕುಡಿಯಬಹುದಿತ್ತು.

ಆನೆಗಳನ್ನು ಮಾತ್ರ ಕಣ್ತುಂಬ ನೋಡಿದೆವು. ಕಿಲಿಮಂಜಾರೋ ಮೇಲೆ ಬಿದ್ದ ನೀರು ನೆಲದೊಳಗೆ ಇಳಿದು ಅಂಬೊಸೆಲಿಯಲ್ಲಿ ಬುಗ್ಗೆಯಾಗಿ ಬರುತ್ತದೆ. ಸುತ್ತ ಎಲ್ಲ ಒಣ ಧೂಳು, ನಡುವೆ ಹಸಿರು ಜೌಗು. ಆನೆಗಳು ಹೊಟ್ಟೆಮಟ್ಟದ ನೀರಿನಲ್ಲಿ ನಿಂತು ಹುಲ್ಲು ಕಿತ್ತು, ಒದರಿ, ಬಾಯಿಗಿಡುತ್ತಿದ್ದವು. ಬೆನ್ನಿನ ಮೇಲೆ ಬೆಳ್ಳಕ್ಕಿ. ನೀರಿನಿಂದ ಮೇಲೆ ಬಂದರೆ ಅರ್ಧ ಆನೆ ಕಪ್ಪು, ಅರ್ಧ ಆನೆ ಬೂದಿ. ಸಿಂಥಿಯಾ ಮಾಸ್ ಎಂಬ ಸಂಶೋಧಕಿ 1972ರಲ್ಲಿ ಇಲ್ಲಿ ಶುರುಮಾಡಿದ ಆನೆಗಳ ಅಧ್ಯಯನ ದಶಕಗಟ್ಟಲೆ ನಡೆದಿದೆ. ಯಾವ ಆನೆ ಯಾರ ಮಗಳು ಅಂತ ಹೇಳುವಷ್ಟು ಲೆಕ್ಕ ಇಟ್ಟಿದ್ದಾರೆ.

ಇನ್ನು ಮಸಾಯಿ ಮಾರಾ. ಟಿವಿಯಲ್ಲಿ ನೀವು ನೋಡಿರುತ್ತೀರಿ, ದನದ ಹಾಗೆ ಕಾಣುವ ಹುಲ್ಲೆ, ವೈಲ್ಡ್‌ಬೀಸ್ಟ್ ಹಿಂಡು ನದಿಗೆ ದುಮುಕುವುದು, ಮೊಸಳೆ ಬಾಯಿ ತೆರೆಯುವುದು. ಆ ಹಿಂಡಿನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ವೈಲ್ಡ್‌ಬೀಸ್ಟ್‌ಗಳಿವೆ, ಜೊತೆಗೆ ಜೀಬ್ರಾಗಳು. ಮಳೆ ಬಿದ್ದ ಕಡೆ ಹುಲ್ಲು, ಹುಲ್ಲಿದ್ದ ಕಡೆ ಇವು. ಸುಮಾರಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಆಸುಪಾಸಿನಲ್ಲಿ ಇರುತ್ತವೆ. ಸುಮಾರಾಗಿ ಅಂದೆ, ನೆನಪಿರಲಿ. ಅವು ಯಾವ ದಿನ, ಎಷ್ಟು ಗಂಟೆಗೆ ದಾಟುತ್ತವೆ ಅಂತ ಯಾರೂ ಬರೆದುಕೊಡೋದಿಲ್ಲ.

ನಾವು ಬೆಳಿಗ್ಗೆ ಹತ್ತಕ್ಕೆ ದಡದಲ್ಲಿ ನಿಂತೆವು. ಆಚೆ ದಡದಲ್ಲಿ ಸಾವಿರಾರು ಪ್ರಾಣಿಗಳು. ಮುಂದಿನವು ಇಳಿಜಾರಿನ ತುದಿಗೆ ಬಂದು ನಿಲ್ಲುತ್ತವೆ, ಹಿಂದಿನವು ನೂಕುತ್ತವೆ. ಒಂದು ಜೀಬ್ರಾ ಇಳಿದು ನೀರು ಕುಡಿಯಿತು. ನಮ್ಮ ಗಾಡಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದೆವು. ಕೆಳಗೆ ಒಂದು ನೀರಾನೆ ಗೊರ್ ಅಂತು ನೋಡಿ, ಅಷ್ಟೇ! ಇಡೀ ಹಿಂಡು ತಿರುಗಿ ಓಡಿತು. ಉಳಿದದ್ದು ಧೂಳು. ಮತ್ತೆ ಮೆಲ್ಲಗೆ ಬಂದವು. ಮತ್ತೆ ನಿಂತವು. ಹನ್ನೆರಡೂವರೆಗೆ ಚಾಲಕ ಗಡಿಯಾರ ತೋರಿಸಿದ. ಪ್ರವಾಸ ಕಂಪನಿಯವರು ಮಧ್ಯಾಹ್ನಕ್ಕೆ ಮಸಾಯಿ ಹಳ್ಳಿ ಅಂತ ಇಟ್ಟಿದ್ದರು, ಹೊರಡಲೇಬೇಕು. ರಾತ್ರಿ ಊಟದ ಹೊತ್ತಿಗೆ ಪಕ್ಕದ ಮೇಜಿನವರು ಖುಷಿಯಿಂದ ಫೋಟೋ ತೋರಿಸುತ್ತಿದ್ದರು. ಮೂರು ಗಂಟೆಗೆ ದಾಟಿದವಂತೆ. ನನಗೆ ಅನ್ನ ಇಳಿಯಲಿಲ್ಲ.

ಅದಕ್ಕೇ ಅಳಿಯನಿಗೆ ಹೇಳಿದೆ, ಪಾರ್ಕಿನ ಹೆಸರು ಆಮೇಲೆ. ಮೊದಲು ಎರಡು ಪ್ರಶ್ನೆ. ಯಾವ ತಿಂಗಳು ರಜೆ ಸಿಗುತ್ತೆ? ಏನು ನೋಡಬೇಕು ಅಂತ ಆಸೆ?

ಚಿರತೆ ಅಂದರೆ, ಅದು ನಮ್ಮ ಕಬಿನಿಯಲ್ಲೇ ಇದೆ. ಆದರೆ ಚೀತಾ ಬೇರೆ, ಕನ್ನಡದಲ್ಲಿ ಸಿವಂಗಿ. ಅದನ್ನು ನೋಡಲು ಮಾರಾ, ಸೆರೆಂಗೆಟಿಯಂಥ ಬಯಲು ಹುಲ್ಲುಗಾವಲು ಒಳ್ಳೆಯದು. ಘೇಂಡಾಮೃಗ ಬೇಕಾದರೆ ನಕೂರು, ಇಲ್ಲವೇ ಟಾಂಜಾನಿಯಾದ ನ್ಗೊರೊಂಗೊರೊ. ಅದು ಕುಸಿದ ಜ್ವಾಲಾಮುಖಿ. ಗೋಡೆ 600 ಮೀಟರ್ ಎತ್ತರ, ಒಳಗೆ 260 ಚದರ ಕಿಲೋಮೀಟರ್ ಬಟ್ಟಲು. ಆ ಬಟ್ಟಲಿನಲ್ಲಿ ಸಿಂಹ ಇದೆ, ಆನೆ ಇದೆ, ಜಿರಾಫೆ ಇಲ್ಲ. ಗೋಡೆ ತೀರಾ ಕಡಿದಾಗಿದೆ, ಮೇಯಲು ತಕ್ಕ ಮರವೂ ಕಡಿಮೆ.

ರಜೆ ಫೆಬ್ರವರಿಯಲ್ಲಿ ಅಂದರೆ ಮಾರಾ ಕಡೆ ನೋಡಲೇಬೇಡಿ ಅನ್ನುತ್ತೇನೆ. ಆಗ ಅದೇ ಹಿಂಡು ಗಡಿಯಾಚೆ ಸೆರೆಂಗೆಟಿಯ ದಕ್ಷಿಣಕ್ಕೆ, ನ್ಡುಟು ಅನ್ನುವ ಜಾಗದ ಸುತ್ತಮುತ್ತ ಇರುತ್ತದೆ. ಹಳೆಯ ಜ್ವಾಲಾಮುಖಿಯ ಬೂದಿ ಬಿದ್ದ ನೆಲ, ಸತ್ವದ ಹುಲ್ಲು. ಬಾಣಂತಿಗೆ ಬೇಕಾದ್ದೇ ಅದು. ಕೆಲವೇ ವಾರದಲ್ಲಿ ಲಕ್ಷಗಟ್ಟಲೆ ಕರು ಹುಟ್ಟುತ್ತವೆ. ಎರಡನೇ ಸಲ ನಾವು ಅಲ್ಲೇ ಮೂರು ರಾತ್ರಿ ಇದ್ದೆವು. ಕರು ನೆಲಕ್ಕೆ ಬಿತ್ತು. ಎದ್ದಿತು, ಮುಗ್ಗರಿಸಿತು, ಮತ್ತೆ ಎದ್ದಿತು. ನಾನು ದುರ್ಬೀನು ಒರೆಸಿಕೊಳ್ಳುವಷ್ಟರಲ್ಲಿ ತಾಯಿಯ ಪಕ್ಕ ಓಡುತ್ತಿತ್ತು! ದೂರದಲ್ಲಿ ಕತ್ತೆಕಿರುಬ ಕೂತು ಕಾಯುತ್ತಿತ್ತು. ಓಡದೆ ವಿಧಿಯಿಲ್ಲ.

ಅದೇ ಪ್ರವಾಸದಲ್ಲಿ ಟಾಂಜಾನಿಯಾದ್ದೇ ಇನ್ನೊಂದು ಪಾರ್ಕು ತರಂಗಿರೆಗೆ ಹೋಗಿದ್ದು ನಮ್ಮ ತಪ್ಪು. ಜೂನ್‌ನಿಂದ ಅಕ್ಟೋಬರ್ ಒಣಗಾಲದಲ್ಲಿ ಆನೆಗಳೆಲ್ಲ ಅಲ್ಲಿನ ನದಿಗೆ ಬರುತ್ತವೆ. ಫೆಬ್ರವರಿಯಲ್ಲಿ ಎಲ್ಲೆಡೆ ನೀರು, ಆನೆಗಳು ಚದುರಿಹೋಗಿದ್ದವು. ಆನೆ ಹೋಗಬಹುದು, ಮರ ಎಲ್ಲಿಗೆ ಹೋಗುತ್ತೆ? ಒಂದೊಂದು ಬಾವೊಬಾಬ್ ಮರವೂ ಮನೆಯಷ್ಟು ದಪ್ಪ. ನನ್ನ ಹೆಂಡತಿ ಹಾವೇರಿ ಕಡೆಯವಳು. ನೋಡಿದವಳೇ, "ಅಯ್ಯ, ಇದು ನಮ್ಮ ಸವಣೂರಿನ ದೊಡ್ಡಹುಣಸಿ ಮರ ಅಲ್ಲೇನ್ರೀ!" ಅಂದಳು. ಹೌದು, ಅದೇ ಜಾತಿ. ಅಲ್ಲಿ ನೀಲಿ ಶರ್ಟ್ ಮಾತ್ರ ಹಾಕಬೇಡಿ. ತ್ಸೆತ್ಸೆ ನೊಣಕ್ಕೆ ಕಡು ನೀಲಿ, ಕಪ್ಪು ಅಂದರೆ ಪ್ರೀತಿ. ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ.

ಮನೆಮಂದಿಯೆಲ್ಲ ಸೇರಿ, ಕಡಿಮೆ ಖರ್ಚಿನಲ್ಲಿ ಹೋಗುವುದಾದರೆ ದಕ್ಷಿಣ ಆಫ್ರಿಕಾದ ಕ್ರೂಗರ್ ವಾಸಿ. ಡಾಂಬರು ರಸ್ತೆ ಇದೆ. ಬಾಡಿಗೆ ಕಾರು ನೀವೇ ಓಡಿಸಬಹುದು, ನಮ್ಮ ಹಾಗೆ ಎಡಗಡೆಯೇ. ವೇಗ ಗಂಟೆಗೆ 50 ಕಿಲೋಮೀಟರ್ ದಾಟುವಂತಿಲ್ಲ, ಗೇಟು ಮುಚ್ಚುವ ಮುಂಚೆ ಒಳಗಿನ ವಸತಿಗೋ ಪಾರ್ಕಿನ ಹೊರಗೋ ಸೇರಿಕೊಳ್ಳಬೇಕು. ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಚಳಿ, ಗಿಡದಲ್ಲಿ ಎಲೆ ಕಡಿಮೆ, ಪ್ರಾಣಿ ಚೆನ್ನಾಗಿ ಕಾಣುತ್ತವೆ. ದೋಣಿಯಲ್ಲಿ ಕೂತು ಆನೆ ನೋಡಬೇಕು ಅನ್ನುವವರಿಗೆ ಬೋಟ್ಸ್ವಾನಾದ ಚೋಬೆ. ಇನ್ನು ಉಗಾಂಡಾದ ಬ್ವಿಂಡಿಯಲ್ಲಿ ಗೊರಿಲ್ಲಾ ನೋಡುವುದು ಬೇರೆಯೇ ಲೆಕ್ಕ. ಒಂದು ಗುಂಪಿಗೆ ಎಂಟೇ ಜನ, ಗೊರಿಲ್ಲಾ ಎದುರು ಒಂದೇ ಗಂಟೆ, ಪರ್ಮಿಟ್ಟೇ ನೂರಾರು ಡಾಲರ್. ಕಾಡುಬೆಟ್ಟ ಹತ್ತಿ ನಡೆಯಬೇಕು, ಮಂಡಿನೋವಿನವರು ಯೋಚಿಸಿ ಹೋಗಿ.

ಖರ್ಚಿನ ಮಾತು ಬಂತಲ್ಲ. ಮಾರಾದಲ್ಲಿ 2024ರಿಂದ ಹೊರದೇಶದವರಿಗೆ ಪ್ರವೇಶ ಶುಲ್ಕ ಜುಲೈಯಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್ ಆಗಿದೆ. ಜನವರಿಯಿಂದ ಜೂನ್‌ವರೆಗೆ 100. ತಲಾ ಲೆಕ್ಕ. ಕಂಪನಿಯವರು ಹೇಳುವ ದರದಲ್ಲಿ ಇದು ಸೇರಿದೆಯೋ ಇಲ್ಲವೋ ಬಾಯಿಬಿಟ್ಟು ಕೇಳಿ. ಕೆನ್ಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಳ್ಳಬೇಕು. ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಆರು ದಿನದವರೆಗೆ ಬೇರೆ ಇಡಬಹುದು. ಆಮೇಲೆ, ಚಟ್ನಿಪುಡಿ ಒಯ್ಯಿ, ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಕೆನ್ಯಾ 2017ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿದೆ. ನಾವು ಸ್ಟೀಲ್ ಡಬ್ಬಿಯಲ್ಲಿ ಒಯ್ದಿದ್ದೆವು, ಚಾಲಕನೂ ಎರಡು ಸಲ ಹಾಕಿಸಿಕೊಂಡ.

ಅಳಿಯ ಪೆನ್ನು ಕೇಳಿ ಮೂರು ಹೆಸರು ಹೊಡೆದುಹಾಕಿದ. ಈಗ ಅಂಬೊಸೆಲಿ ಎರಡು ರಾತ್ರಿ, ಮಾರಾ ನಾಲ್ಕು. ನಕೂರು ಬಿಟ್ಟಿದ್ದಕ್ಕೆ ಅವನ ಹೆಂಡತಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಅವಳಿಗೆ ಘೇಂಡಾಮೃಗವೇ ಬೇಕಂತೆ. ಅದನ್ನು ಅವರಿಬ್ಬರೇ ಬಗೆಹರಿಸಿಕೊಳ್ಳಲಿ.

ನಮಸ್ಕಾರ.