ಮೇಷ್ಟ್ರ ಶ್ರುತಿ, ಮಕ್ಕಳ ಶ್ರುತಿ

ಕೇಳುಗರಿಗೆ ನಮಸ್ಕಾರ.

1996ರಲ್ಲಿ ನಾನು ದಾವಣಗೆರೆಯ ಒಂದು ಖಾಸಗಿ ಶಾಲೆಗೆ ಸಂಗೀತ ಮೇಷ್ಟ್ರಾಗಿ ಸೇರಿದೆ. ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಸಂಬಳದ ಮಾತು ಬೇಡ ಬಿಡಿ. ಹಿಂದೂಸ್ತಾನಿ ಸಂಗೀತದ ಪರೀಕ್ಷೆ ನಡೆಸುವ ಗಾಂಧರ್ವ ಮಹಾವಿದ್ಯಾಲಯ ಮಂಡಳದ ವಿಶಾರದ ಪಾಸಾಗಿತ್ತು. ಪ್ರಾರಂಭಿಕದಿಂದ ಹಿಡಿದು ಪ್ರವೇಶಿಕಾ, ಮಧ್ಯಮಾ ದಾಟಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ವರ್ಷಗಳೇ ಹೋಗಿದ್ದವು. ಇನ್ನೇನು ಕಲಿಯೋದಿದೆ ಅನ್ನುವ ಗತ್ತು ನನಗೆ.

ಮೊದಲ ದಿನದ ಪ್ರಾರ್ಥನೆ. ಹಾರ್ಮೋನಿಯಂ ಮುಂದೆ ಕೂತು ಕರಿ ಒಂದರಲ್ಲಿ, ಅಂದರೆ ಸಪ್ತಕದ ಮೊದಲ ಕಪ್ಪು ಮನೆಯಲ್ಲಿ (ಕೀಯಲ್ಲಿ), ಷಡ್ಜ, ಅಂದರೆ 'ಸ' ಹಿಡಿದೆ. ನನ್ನ ಗಂಟಲಿಗೆ ಅದು ಒಗ್ಗಿದ ಶ್ರುತಿ. ಮಕ್ಕಳಲ್ಲಿ ಅರ್ಧ ಜನ ನನ್ನ ಜೊತೆ ಕೆಳಗೆ ಇಳಿಯಲು ಹೋಗಿ ಜೇನುನೊಣದ ಹಾಗೆ ಗುಂಯ್‌ಗುಟ್ಟಿದರು. ಉಳಿದವರು ಒಂದು ಸಪ್ತಕ, ಅಂದರೆ ಏಳು ಸ್ವರ ಮೇಲೆ ಹತ್ತಿ, ಚರಣ ಬಂದಾಗ ಕಿರುಚಿದರು. ಈ ಮಕ್ಕಳಿಗೆ ಸುರಜ್ಞಾನವೇ ಇಲ್ಲ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಆ ತೀರ್ಮಾನದಲ್ಲೇ ಮೂರು ವರ್ಷ ಪಾಠ ಮಾಡಿದೆ.

ತಪ್ಪು ತೋರಿಸಿದವರು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಒಬ್ಬ ಹಿರಿಯರು. ದಾವಣಗೆರೆ ಅಂದರೆ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಇಲ್ಲಿ ಅಂಥ ಮಾಸ್ತರರಿಗೆ ಬರ ಇರಲಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿದ್ದರು. ಎಲ್ಲ ಮುಗಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಅಂದರು: "ತಮ್ಮಾ, ಕಂಪನಿಯಲ್ಲಿ ರಾಜ ಬಂದರೆ ಒಂದು ಶ್ರುತಿ, ರಾಣಿ ಬಂದರೆ ಇನ್ನೊಂದು. ಹಾಡೋರು ಎಲ್ಲಿದ್ದಾರೋ ನಮ್ಮ ಬೆರಳು ಅಲ್ಲಿಗೆ ಹೋಗಬೇಕು. ನೀನು ನೋಡಿದರೆ ಕರಿ ಒಂದಕ್ಕೆ ಗೂಟ ಹೊಡಕೊಂಡು ಕೂತಿದ್ದೀಯಲ್ಲೋ!"

ಮಾರನೇ ದಿನ ಕರಿ ನಾಲ್ಕರಲ್ಲಿ ಹಿಡಿದೆ. ಅದೇ ಮಕ್ಕಳು, ಅದೇ ಹಾಡು. ಅಂಗಳ ತುಂಬುವ ಹಾಗೆ ಹಾಡಿದರು. ನನಗೆ ಸರಿಯಾಗಿ ಹಾಡೋಕೆ ಆಗಲಿಲ್ಲ, ಸುಮ್ನೆ ಕೇಳುತ್ತಾ ನುಡಿಸಿದೆ. ಮೇಷ್ಟ್ರ ಕೆಲಸ ನಿಜವಾಗಿ ಶುರುವಾಗಿದ್ದು ಅವತ್ತು.

ಆದರೆ ಅಷ್ಟರಲ್ಲಿ ಒಂದು ಅನ್ಯಾಯ ಆಗಿಹೋಗಿತ್ತು. ಏಳನೇ ಕ್ಲಾಸಿನವರೆಗೆ ಚೆನ್ನಾಗಿ ಹಾಡುತ್ತಿದ್ದ ಒಬ್ಬ ಹುಡುಗ ಒಂಬತ್ತಕ್ಕೆ ಬಂದಾಗ ದನಿ ಒಡೆಯಿತು. ಪಂಚಮ ಹಿಡಿಯಲು ಹೋದರೆ ದನಿ ಜಾರಿ ಎಲ್ಲೋ ಬೀಳುತ್ತಿತ್ತು. ಆ ವಯಸ್ಸಿನಲ್ಲಿ ಗಂಡುಮಕ್ಕಳ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತು ಉದ್ದವಾಗಿ ದಪ್ಪವಾಗುತ್ತದೆ, ದನಿ ಸುಮಾರು ಒಂದು ಸಪ್ತಕ ಇಳಿಯುತ್ತದೆ. ನಾನು ಕಲಿತ ಯಾವ ಪರೀಕ್ಷೆಯ ಪಾಠದಲ್ಲೂ ಇದು ಇರಲಿಲ್ಲ. "ಅಪಸ್ವರ, ಹಿಂದೆ ಹೋಗಿ ಕೂತ್ಕೋ" ಅಂದೆ. ಅವನು ಮತ್ತೆ ಸಂಗೀತದ ಕೋಣೆಗೆ ಕಾಲಿಡಲಿಲ್ಲ. ಈಗ ಅಂಥ ಹುಡುಗರಿಗೆ ಒಂದಷ್ಟು ತಿಂಗಳು ತಾಳ ಕೊಡುತ್ತೇನೆ, ತಬಲಾ ಮುಂದೆ ಕೂರಿಸುತ್ತೇನೆ, ನಾಲ್ಕೈದು ಸ್ವರದೊಳಗಿನ ಹಾಡು ಹಾಡಿಸುತ್ತೇನೆ. ಅವನಿಗೆ ಇದನ್ನು ಮಾಡಲಿಲ್ಲ.

ನಾನು ಹರಿಹರದವನು. ಹೊಳೆಯಾಚೆ ಹಿಂದೂಸ್ತಾನಿ, ಹೊಳೆ ಈಚೆ ಕರ್ನಾಟಕಿ ಅಂತಾರೆ. ನಾವು ತುಂಗಭದ್ರೆಯ ದಂಡೆಯ ಮೇಲೇ ಇರುವವರು, ಎಲ್ಲಿಗೆ ಸೇರೋದು? ಮನೆ ಪಾಠಕ್ಕೆ ಬರುವ ತಂದೆತಾಯಿಗಳು "ಸಾರ್, ಜೂನಿಯರ್ ಪರೀಕ್ಷೆ ಕಟ್ಟಿಸ್ತೀರಾ?" ಅಂತ ಕೇಳುತ್ತಿದ್ದರು. ಕರ್ನಾಟಕ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಮಾತು ಅದು. ಕೊನೆಗೆ ನಲವತ್ತು ದಾಟಿದ ಮೇಲೆ ನಾನೇ ಜೂನಿಯರ್ ಕಟ್ಟಿದೆ. ಹಿಂದೂಸ್ತಾನಿಯ ಬಿಲಾವಲ್ ರಾಗದಿಂದ ಶುರು ಮಾಡಿದ್ದವನಿಗೆ ಇಲ್ಲಿ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಮೊದಲ ಸ್ವರಪಾಠ. ಸ್ವರಗಳೇನೋ ನಮ್ಮ ಭೈರವ ರಾಗದವೇ, ಆದರೆ ಅದೇ ವರಸೆಯನ್ನು ತಾಳ ಬಿಡದೆ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಹಾಡಬೇಕು. ಪಕ್ಕದಲ್ಲಿ ಕೂತಿದ್ದ ಹನ್ನೆರಡು ವರ್ಷದ ಹುಡುಗಿ ನನ್ನ ಮೂರನೇ ಕಾಲ ಕೇಳಿ ಬಾಯಿ ಮುಚ್ಚಿಕೊಂಡು ನಕ್ಕಳು. ತಪ್ಪಿದಾಗ ನಕ್ಕರೆ ಹೇಗಿರುತ್ತೆ ಅಂತ ಮೇಷ್ಟ್ರಾದವನಿಗೂ ಒಮ್ಮೆ ಗೊತ್ತಾಗಬೇಕು, ಅಲ್ವಾ?

ಆಕಾಶವಾಣಿಯ ಧ್ವನಿ ಪರೀಕ್ಷೆಯನ್ನೂ ಕೊಟ್ಟೆ. ಅಲ್ಲಿ ಬಿ, ಬಿ ಹೈ, ಎ, ಟಾಪ್ ಅಂತ ಶ್ರೇಣಿಗಳಿವೆ. ನನಗೆ ಬಿ ಬಂತು. ಸಂತೋಷದಿಂದ ಹೇಳಿಕೊಂಡರೆ ಒಬ್ಬ ಪೋಷಕರು "ಹಾಗಾದ್ರೆ ಸೆಕೆಂಡ್ ಕ್ಲಾಸಾ ಸಾರ್?" ಅಂದರು. ಏನು ಹೇಳೋಣ!

ಈಗಲೂ ಕಲಿಯೋದು, ಕಲಿತದ್ದನ್ನು ಬಿಡೋದು ನಡೆದೇ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಆಲಾಪ, ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಆದೇಶಿಸಿತು. ನಾನು ವರ್ಷಗಟ್ಟಲೆ ಸಾಲುಗಳನ್ನು ಎರಡೆರಡು ಸಲ ಹಾಡಿಸಿದ್ದವನು. ಮಕ್ಕಳು ಒಂದು ವಾರದಲ್ಲಿ ಹೊಸ ಅಳತೆಗೆ ಹೊಂದಿಕೊಂಡರು. ನಾನು ಮಾತ್ರ ಹಳೇ ರೂಢಿಯಲ್ಲಿ ಮತ್ತೊಂದು ಸಲ ಎತ್ತಿಕೊಂಡು, ಇಡೀ ಶಾಲೆಯ ಮುಂದೆ ಒಂಟಿಯಾಗಿ ಹಾಡಿದ್ದೂ ಆಯಿತು.

ಪರೀಕ್ಷೆ ಹತ್ತಿರ ಬಂದರೆ ಸಂಗೀತದ ಪೀರಿಯಡ್ಡು ಗಣಿತಕ್ಕೆ ಹೋಗುವುದು ಅವತ್ತೂ ಇತ್ತು, ಇವತ್ತೂ ಇದೆ. ಅದರ ಬಗ್ಗೆ ಜಗಳ ಆಡುವುದನ್ನು ಬಿಟ್ಟಿದ್ದೇನೆ. ಜೂನ್ ತಿಂಗಳಿನ ಮೊದಲ ಪೀರಿಯಡ್ಡನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಅವತ್ತು ನಾನು ಹಾಡುವುದಿಲ್ಲ. ಹೊಸ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, "ಬೀದಿಯಲ್ಲಿ ನಿಂತು ಒಳಗಿರೋ ಅಮ್ಮನನ್ನು ಕೂಗು" ಅನ್ನುತ್ತೇನೆ. ಆ ಕೂಗು ಹಾರ್ಮೋನಿಯಂನ ಯಾವ ಮನೆಯಲ್ಲಿ ಕೂರುತ್ತದೆ ಅಂತ ಹುಡುಕಿ ಬರೆದುಕೊಳ್ಳುತ್ತೇನೆ. ಈ ಸಲ ಮೂರನೇ ಕ್ಲಾಸಿನ ಒಂದು ಹುಡುಗಿ ಕೂಗಿದ ರಭಸಕ್ಕೆ ಹೆಡ್‌ಮಾಸ್ಟರು ಆಫೀಸಿನಿಂದ ಎದ್ದು ಓಡಿಬಂದರು. "ಏನಾಯ್ತು ಮೇಷ್ಟ್ರೇ?" ಅಂದರು.

"ಕರಿ ಐದು ಸಾರ್" ಅಂದೆ.

ನಮಸ್ಕಾರ.