ಮೂರನೇ ಗುಂಡು ಕೇಳಿಸಿದರೆ ಆಂಟಿಯನ್ನು ಕರೀರಿ

ನಮಸ್ಕಾರ. ವಿರಾಜಪೇಟೆಯಿಂದ ಮಾತಾಡ್ತಿದ್ದೀನಿ. ಮಳೆ ಹೆಂಚಿನ ಮೇಲೆ ಬಡೀತಿದೆ, ಆ ಸದ್ದನ್ನ ಸ್ವಲ್ಪ ಸಹಿಸ್ಕೊಳ್ಳಿ. ಕರೆಂಟು ಬೆಳಗ್ಗೆಯಿಂದ ಮೂರು ಸಲ ಹೋಗಿ ಬಂತು.

ಇಂಥ ದಿನ ಓದೋಕೆ ಅಂತಲೇ ಒಂದು ಜಾತಿಯ ಕಾದಂಬರಿ ಇದೆ. ಕೋಜಿ ಮಿಸ್ಟರಿ ಅಂತಾರೆ. ಕೊಲೆ ಆಗುತ್ತೆ, ರಕ್ತ ಕಾಣಲ್ಲ. ಸತ್ತವನು ಸಾಮಾನ್ಯವಾಗಿ ಊರಿಗೆಲ್ಲ ಬೇಡವಾದವನು, ಹಾಗಾಗಿ ನಾವು ಅಳಬೇಕಾಗಿಲ್ಲ. ಎರಡನೇ ಅಧ್ಯಾಯದಲ್ಲಿ ಹೆಣ, ಮೂರನೇದರಲ್ಲಿ ಕೇಕು. ಪತ್ತೆ ಮಾಡೋದು ಪೊಲೀಸರಲ್ಲ. ಬೇಕರಿ ನಡೆಸೋಳು, ಲೈಬ್ರರಿ ನೋಡ್ಕೊಳ್ಳೋಳು, ಇಲ್ಲಾ ರಿಟೈರ್ ಆದ ಟೀಚರು. ಅಮೆರಿಕದ ಕೆಲವು ಪುಸ್ತಕಗಳಲ್ಲಂತೂ ಕೊನೇಲಿ ಅಡುಗೆ ರೆಸಿಪಿ ಹಾಕಿರ್ತಾರೆ. ಕೊಲೆಗಾರ ಯಾರು ಅನ್ನೋದು ಮರೆತೋಗುತ್ತೆ, ನಿಂಬೆ ಕೇಕಿನ ಅಳತೆ ನೆನಪಿರುತ್ತೆ.

ಹಗುರ ಸರಕು ಅಂತ ಮೂಗು ಮುರಿಯೋರಿದ್ದಾರೆ. ಮುರೀಲಿ. ನನ್ನ ತಕರಾರು ಬೇರೆ. ಈ ಕಾದಂಬರಿ ಹುಟ್ಟಬೇಕಾಗಿದ್ದೇ ಕೊಡಗಿನಲ್ಲಿ. ಇಂಗ್ಲೆಂಡಿನವರು ನಮಗಿಂತ ಮೊದಲು ಬರೆದುಬಿಟ್ಟರು, ಅಷ್ಟೇ.

ಕೊಡವ ಪದ್ಧತಿಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸ್ತಾರೆ. ಸಾವಾದರೆ ಬೆನ್ನಿಗೆ ಬೆನ್ನಿಗೆ ಎರಡು. ಅಪ್ಪನ ನೌಕರಿಗೆ ಬಂದು ಇಲ್ಲೇ ಉಳಿದುಕೊಂಡ ಬಯಲುಸೀಮೆ ಮನೆತನ ನಮ್ಮದು, ನನಗೆ ಇದೆಲ್ಲ ಗೊತ್ತಿರಲಿಲ್ಲ. ಆರನೇ ಕ್ಲಾಸಲ್ಲಿದ್ದಾಗ ಒಂದು ರಾತ್ರಿ ಪಕ್ಕದ ಮನೆ ಆಂಟಿ ಬಡಿಸ್ತಿದ್ದರು. ಎಲ್ಲೋ ದೂರದಲ್ಲಿ ಢಂ ಅಂತು. ಆಂಟಿ ಸೌಟು ಎತ್ತಿದ್ದು ಎತ್ತಿದ ಹಾಗೇ ನಿಂತರು. ಸಾರು ತೊಟ್ಟಿಕ್ತಿದೆ, ಅವರು ಕಿವಿ ಕೊಟ್ಟಿದ್ದಾರೆ. ಇನ್ನೊಂದು ಬರಲಿಲ್ಲ. "ಗಂಡು ಮಗು. ಹೊಳೆ ಆಚೆ ಮನೆ ಸೊಸೆಗೆ ದಿನ ತುಂಬಿತ್ತಲ್ಲ" ಅಂದು ಬಡಿಸಿದರು.

ಈಗ ನೀವೇ ಹೇಳಿ, ಅಂಥ ಊರಲ್ಲಿ ಮೂರನೇ ಗುಂಡು ಕೇಳಿಸಿದರೆ? ಕಾದಂಬರಿಯ ಮೊದಲ ಸಾಲು ಅಲ್ಲೇ ಸಿಕ್ಕಿತು.

ಬೇರೆ ಕಡೆ ಪತ್ತೇದಾರ ಮೊದಲು ಕೇಳೋದು, ಬಂದೂಕು ಯಾರ ಹತ್ರ ಇತ್ತು ಅಂತ. ಇಲ್ಲಿ ಆ ಪ್ರಶ್ನೆ ಕೇಳಿದರೆ ನಗ್ತಾರೆ. ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಬ್ರಿಟಿಷರ ಕಾಲದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದೆ. ಅಂದರೆ ಊರಿಗೆ ಊರೇ ಸಂಶಯದ ಪಟ್ಟಿಯಲ್ಲಿ! ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್ ಪೊಳ್ದ್ ಹಬ್ಬ ಬರುತ್ತೆ, ಕೋವಿಗೆ ಪೂಜೆ ಮಾಡಿ ನಳಿಕೆಗೆ ತೋಕ್ ಪೂ ಸಿಕ್ಕಿಸ್ತಾರೆ. ಕೆಂಪು ಹಳದಿ ಬೆಂಕಿ ನಾಲಿಗೆ ಥರದ ಹೂ, ನಾವು ಅಗ್ನಿಶಿಖೆ ಅಂತೀವಲ್ಲ, ಅದೇ. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಅನ್ನೋ ವಿಷ ಇರುತ್ತೆ. ಮಂಗಳೂರಿಂದ ಬಂದ ಸಾಹೇಬರು ಕೋವಿಗಳನ್ನೇ ಒಂದೊಂದಾಗಿ ಮೂಸ್ತಾ ಕೂತಿರ್ತಾರೆ, ಕೊಂದಿದ್ದು ನಳಿಕೆಯೊಳಗಿನ ಗುಂಡಲ್ಲ, ನಳಿಕೆಯ ತುದಿಯ ಹೂವಿನ ಗಿಡ. ಇದನ್ನ ಯಾರಾದರೂ ಬರೆಯೋದಾದರೆ ತಗೊಳ್ಳಿ, ನನಗೆ ಒಂದು ಪ್ರತಿ ಕಳಿಸಿ ಸಾಕು.

ಇದು ಮೋಸವೂ ಅಲ್ಲ. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋ ಇಂಗ್ಲೆಂಡಿನ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿದ. ಯಾರೂ ಕಂಡು ಕೇಳದ ವಿಷ ತರಬಾರದು ಅನ್ನೋದು ಅದರಲ್ಲೊಂದು. ನಮ್ಮ ವಿಷ ಬೇಲಿ ಮೇಲೇ ಅರಳಿದೆ.

ಓದುಗರ ದಾರಿ ತಪ್ಪಿಸೋಕೂ ಇಲ್ಲಿ ಸಾಮಗ್ರಿಗೆ ಬರ ಇಲ್ಲ. ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪು ಅನ್ನೋ ಕಾಡು ಗಿಡದ ಎಲೆಯಲ್ಲಿ 18 ಔಷಧಿ ಸೇರಿರುತ್ತೆ ಅಂತ ನಂಬಿಕೆ. ನೇರಳೆ ಬಣ್ಣದ ರಸ ಕುದಿಸಿ ಪಾಯಸ ಮಾಡ್ತಾರೆ, ಪುಟ್ಟು ಮಾಡ್ತಾರೆ. ತಿಂದವರಿಗೆ ಆಮೇಲೆ ಮೂತ್ರ ಕೆಂಪಗೆ ಹೋಗುತ್ತೆ. ಊರವರಿಗೆ ಇದು ಗೊತ್ತು. ಹೋಮ್‌ಸ್ಟೇಗೆ ಬಂದ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನಿಗೆ ಹೇಳೋಕೆ ಮರೆತಿದ್ದಾರೆ. ಬೆಳಗ್ಗೆ ಆರು ಗಂಟೆಗೆ ಬಾತ್‌ರೂಮಿಂದ ಕೇಳಿ ಬರೋ ಕೂಗಿಗೆ ಒಂದು ಅಧ್ಯಾಯ ಪೂರ್ತಿ ಕೊಡಬಹುದು.

ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಆ ಕಾದಂಬರಿ ಯಾಕೆ ಕಾಣಲ್ಲ? ನಮಗೆ ಪತ್ತೇದಾರ ಅಂದರೆ ಗಂಡಸೇ ಆಗಬೇಕು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನ ಬಾಡಿಗೆ ಲೈಬ್ರರಿಯಿಂದ ತಂದು ಪಠ್ಯಪುಸ್ತಕದ ಒಳಗಿಟ್ಟು ಓದಿದ ಪೀಳಿಗೆ ನಮ್ಮಪ್ಪಂದು. ಅದಕ್ಕೆ ನಾನೇನೂ ಅನ್ನಲ್ಲ, ಕನ್ನಡ ಓದೋ ಚಟ ಹತ್ತಿಸಿದವರು ಅವರು. ಆದರೆ ಪಕ್ಕದ ಮನೆ ಆಂಟಿಯನ್ನ ನಾವು ಬುದ್ಧಿವಂತೆ ಅನ್ನಲಿಲ್ಲ. ಊರ ಉಸಾಬರಿ ಅಂದ್ವಿ.

ಆ ಉಸಾಬರಿಯೇ ಇಲ್ಲಿ ಬಂಡವಾಳ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಕಾದಂಬರಿಗೆ ಬಂದಿದ್ದು 1930ರಲ್ಲಿ. ಹೆಣೀತಾ ಕೂರೋ ಮುದುಕಿ. ಯಾವ ಕೇಸು ಬಂದರೂ, ಇವನು ನಮ್ಮೂರಿನ ಇಂಥವನ ಥರ ಇದ್ದಾನೆ ಅಂತ ಹೋಲಿಸೋದೇ ಅವಳ ಲೆಕ್ಕಾಚಾರ. ಊರಲ್ಲಿ ದಿನಾ ನಡೆಯೋದು ಗೊತ್ತಿದ್ದವರಿಗೆ ಮಾತ್ರ ಒಂದಿನ ನಡೆಯದೇ ಇದ್ದದ್ದು ಕಣ್ಣಿಗೆ ಬೀಳುತ್ತೆ. ನಮ್ಮ ಆಂಟಿ ಹೊಸಬರನ್ನ ಕಂಡರೆ ಹೆಸರು ಕೇಳಲ್ಲ, "ಯಾವ ಮನೆ?" ಅಂತಾರೆ. ಎರಡು ನಿಮಿಷದಲ್ಲಿ ಅಜ್ಜನ ತೋಟದ ವ್ಯಾಜ್ಯದವರೆಗೂ ಹೊರಗೆ ಬಂದಿರುತ್ತೆ. ಯಾವ ಇನ್‌ಸ್ಪೆಕ್ಟರಿಗೆ ಬರುತ್ತೆ ಇದು?

ಒಂದು ಕೇಸು ಹೇಳ್ತೀನಿ, ಕಣ್ಣಾರೆ ಕಂಡಿದ್ದು. ಆಂಟಿ ಮನೆ ಸಮಾರಂಭದ ದಿನ ಅಡುಗೆಮನೆಯಿಂದ ಕಾಚಂಪುಳಿ ಬಾಟಲಿ ಮಾಯ. ಕಾಚಂಪುಳಿ ಅಂದರೆ ಪಣಪುಳಿ ಹಣ್ಣಿನ ರಸ ಇಳಿಸಿ, ಡಾಂಬರಿನ ಥರ ಕಪ್ಪಗಾಗೋವರೆಗೆ ಕುದಿಸಿದ್ದು. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಒಂದೆರಡು ಚಮಚ ಬಿದ್ದರೆ ಸಾಕು. ಇದು ಅವರ ಅಮ್ಮ ಕಾಸಿಟ್ಟಿದ್ದು, ವರ್ಷಗಟ್ಟಲೆ ಹಳೇದು. ಆಂಟಿ ಯಾರನ್ನೂ ಕೇಳಲಿಲ್ಲ. ಮೂರು ವಾರ ಸುಮ್ಮನಿದ್ದರು. ಅಷ್ಟರಲ್ಲಿ ಕರೆದ ಕಡೆಗೆಲ್ಲ ಊಟಕ್ಕೆ ಹೋದರು, ಕರೀದೇ ಇದ್ದ ಕಡೆಗೂ ಒಂದೆರಡು ಸಲ. ಒಂದು ಮನೆಯಲ್ಲಿ ನಾನೂ ಜೊತೆಗಿದ್ದೆ. (ನಾನು ಹಂದಿ ತಿನ್ನಲ್ಲ ಅಂತ ನಮ್ಮನೆಯವರು ನಂಬಿದ್ದಾರೆ. ನಂಬಿರಲಿ.) ಆಂಟಿ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರು. ಅಗಿಯೋದು ನಿಂತಿತು. ಆಮೇಲೆ ಏನೂ ಆಗದ ಹಾಗೆ ಇನ್ನೊಂದು ಕಡಂಬುಟ್ಟು ಹಾಕಿಸಿಕೊಂಡರು. ಹೊರಡುವಾಗ ಮೆಟ್ಟಿಲ ಮೇಲೆ ಚಪ್ಪಲಿ ಹಾಕ್ಕೊಳ್ತಾ ಅಂದರು: "ಖಾಲಿ ಆದ ಮೇಲೆ ಬಾಟಲಿ ಕಳಿಸಮ್ಮ. ಅದರ ಮುಚ್ಚಳ ಈಗ ಸಿಗಲ್ಲ."

ಮಾರನೇ ದಿನ ಬಾಟಲಿ ಆಂಟಿ ಮನೆ ಗೇಟಿನ ಕಂಬದ ಮೇಲಿತ್ತು. ತೊಳೆದು, ಒಳಗೆ ಜೇನು ತುಂಬಿಸಿಟ್ಟಿದ್ದರು. ಯಾರ ಮನೆ ಅಂತ ಮಾತ್ರ ಕೇಳಬೇಡಿ. ಬರೋ ಭಾನುವಾರ ಅಲ್ಲಿ ಮದುವೆ ಇದೆ, ನಾನು ಊಟಕ್ಕೆ ಹೋಗಬೇಕು.